ಟ್ರಿಯೆಸ್ಟೆ ಪಟ್ಟಣದ ಇಂಗ್ಲಿಷ್ ಉಪಾಧ್ಯಾಯ

ಪರದೇಶದಲ್ಲಿ ನೆಲೆಸಿ ಜೀವನೋಪಾಯವನ್ನು ಹುಡುಕಬೇಕಾಗಿ ಬಂದವನಿಗೆ ಬಂಡವಾಳವೆಂದು ಹೇಳಿಕೊಳ್ಳಲು ಹಲವು ವೇಳೆ ಒಂದೇ ಒಂದು ವಸ್ತುವಿರುವುದು. ಅದು ಅವನ ಬಾಯಿಯ ಮಾತು. ಅದನ್ನು ಹೊತ್ತೊಯ್ಯಲು ಕೂಲಿ ಬೇಕಿಲ್ಲ. ಗಡಿಯ ಕಟ್ಟೆಯಲ್ಲಿ ಅದಕ್ಕೆ ಸುಂಕವಿಲ್ಲ. ಕೊಟ್ಟಷ್ಟೂ ಅದು ಕರಗುವುದಿಲ್ಲ. ಇಂಥ ಬಂಡವಾಳವೊಂದನ್ನೇ ನಂಬಿ, ಊರು ಬಿಟ್ಟು ಬಂದವನೊಬ್ಬನು ಹೆಂಡತಿ ಮಕ್ಕಳನ್ನು ಸಾಕಬಲ್ಲನೆ? ಸಾಕಿದರೆ ಎಷ್ಟು ಕಾಲ, ಯಾವ ಕಷ್ಟಪಟ್ಟು? ಈ ಪ್ರಶ್ನೆಗೆ ಒಳ್ಳೆಯ ಉತ್ತರ ದೊರೆಯುವ ಊರೊಂದಿದೆ. ಅದು ಇಟಲಿ ದೇಶದ ಈಶಾನ್ಯದ ಮೂಲೆಯಲ್ಲಿರುವ ಟ್ರಿಯೆಸ್ಟೆ ಎಂಬ ರೇವುಪಟ್ಟಣ.

ಭೂಪಟದಲ್ಲಿ ಆಡ್ರಿಯಾಟಿಕ್ ಸಮುದ್ರವು ಉತ್ತರಕ್ಕೆ ಚಾಚಿ ಎಲ್ಲಿ ಮುಗಿಯುವುದೋ ಅಲ್ಲಿ, ಬೆಟ್ಟಕ್ಕೂ ನೀರಿಗೂ ನಡುವೆ ಇರುವ ಕಿರಿದಾದ ನೆಲದಲ್ಲಿ ಈ ಊರು ಒತ್ತಿಕೊಂಡು ಕುಳಿತಿದೆ. ಬೆನ್ನಿಗೆ ಕಾರ್ಸ್ಟ್ ಎಂಬ ಸುಣ್ಣಕಲ್ಲಿನ ಒರಟು ಪ್ರಸ್ಥಭೂಮಿ, ಎದುರಿಗೆ ಸಮುದ್ರ. ಊರಿನ ಮುಖ್ಯ ಚೌಕಕ್ಕೆ ಮೂರು ಕಡೆ ಮಾತ್ರ ಕಟ್ಟಡಗಳು. ನಾಲ್ಕನೆಯ ಕಡೆ ನೀರೇ ಗೋಡೆ. ಅಲ್ಲಿ ಸಂಜೆಯ ಹೊತ್ತು ನಿಂತವನಿಗೆ ತಾನು ಊರೊಳಗಿರುವೆನೋ ಹಡಗಿನ ಅಟ್ಟದ ಮೇಲಿರುವೆನೋ ಎಂಬ ಸಂದೇಹ ಬರುವುದು ಸಹಜ. ಚಳಿಗಾಲದಲ್ಲಿ ಬೆಟ್ಟದ ಕಡೆಯಿಂದ ‘ಬೋರಾ’ ಎಂಬ ಗಾಳಿ ಇಳಿದು ಬರುವುದು. ಅದರ ವೇಗವು ಗಂಟೆಗೆ 100 ಕಿಲೋಮೀಟರನ್ನು ಮೀರುವುದುಂಟು. ದಾರಿಹೋಕರು ಹಿಡಿದುಕೊಂಡು ನಡೆಯಲೆಂದು ಹಿಂದೆ ಬೀದಿಯ ಅಂಚಿನಲ್ಲಿ ಹಗ್ಗ ಕಟ್ಟುತ್ತಿದ್ದರು.

ಈ ಊರು 1382ರಿಂದ ಆಸ್ಟ್ರಿಯಾದ ಹಾಪ್ಸ್‌ಬುರ್ಗ್ ಮನೆತನದ ಆಶ್ರಯದಲ್ಲಿದ್ದಿತು. 1719ರಲ್ಲಿ ಆರನೆಯ ಚಾರ್ಲ್ಸ್ ಚಕ್ರವರ್ತಿಯು ಇದನ್ನು ಸುಂಕವಿಲ್ಲದ ರೇವೆಂದು ಸಾರಿದನು. ಅಲ್ಲಿಂದ ಮೀನುಗಾರರ ಈ ಸಣ್ಣ ಊರು ಬೆಳೆಯತೊಡಗಿತು. ಅವನ ಮಗಳು ಮರಿಯಾ ಥೆರೇಸಾ ಮಹಾರಾಣಿಯ ಕಾಲದಲ್ಲಿ ಉಪ್ಪಿನ ಗದ್ದೆಗಳನ್ನು ಮುಚ್ಚಿ, ನೇರವಾದ ಬೀದಿಗಳನ್ನೆಳೆದು, ಹಡಗುಗಳು ಅಂಗಡಿಯ ಬಾಗಿಲಿನವರೆಗೂ ಬರುವಂತೆ ಕಾಲುವೆಯನ್ನು ತೋಡಿದರು. 1831ರಲ್ಲಿ ಜೆನೆರಾಲಿ ಎಂಬ ವಿಮಾ ಕಂಪೆನಿಯೂ, 1833ರಲ್ಲಿ ಆಸ್ಟ್ರಿಯನ್ ಲಾಯ್ಡ್ ಎಂಬ ಸಂಸ್ಥೆಯೂ ಇಲ್ಲಿ ಹುಟ್ಟಿದವು; ಎರಡನೆಯದು ಬೇಗನೆ ದೊಡ್ಡ ಹಡಗು ಕಂಪೆನಿಯಾಯಿತು. 1857ರಲ್ಲಿ ವಿಯೆನ್ನಾದಿಂದ ರೈಲು ಬಂದಿತು. 1910ರ ಹೊತ್ತಿಗೆ ಇಲ್ಲಿನ ಜನಸಂಖ್ಯೆ ಸುಮಾರು 2,30,000 ಆಗಿದ್ದಿತು. ಇಂದು ಅದು ಸುಮಾರು ಎರಡು ಲಕ್ಷ ಮಾತ್ರ. ಊರು ತನ್ನ ಉಚ್ಛ್ರಾಯವನ್ನು ಕಂಡು ಮುಗಿಸಿದೆ ಎಂಬುದಕ್ಕೆ ಈ ಒಂದು ಲೆಕ್ಕವೇ ಸಾಕು.

ವ್ಯಾಪಾರದ ಊರಿನಲ್ಲಿ ಒಂದೇ ಭಾಷೆಯಿಂದ ಕೆಲಸ ಸಾಗದು. ಟ್ರಿಯೆಸ್ಟೆಯ ಬೀದಿಯ ಮಾತು ಇಟಾಲಿಯನ್ನಿನ ಒಂದು ಉಪಭಾಷೆ. ಸುತ್ತಣ ಹಳ್ಳಿಗಳಲ್ಲಿಯೂ ಊರಿನ ಅನೇಕ ಮನೆಗಳಲ್ಲಿಯೂ ಸ್ಲೊವೀನ್ ಭಾಷೆ. ಸರಕಾರಿ ಕಚೇರಿಯಲ್ಲಿ ಜರ್ಮನ್. ಗ್ರೀಕರೂ ಸರ್ಬಿಯನರೂ ಯೆಹೂದ್ಯರೂ ವ್ಯಾಪಾರಕ್ಕೆಂದು ಬಂದು ನೆಲೆಸಿ ತಮ್ಮ ತಮ್ಮ ದೇವಾಲಯಗಳನ್ನು ಕಟ್ಟಿಕೊಂಡಿದ್ದರು. ಅವೆಲ್ಲವನ್ನೂ ಇಂದಿಗೂ ನೋಡಬಹುದು. ಆದರೆ ಹಡಗಿನ ವಿಮೆ, ಸಮುದ್ರದ ಕಾನೂನು, ಲಂಡನ್ನಿನ ಬ್ಯಾಂಕುಗಳೊಡನೆ ಪತ್ರವ್ಯವಹಾರ, ಇವುಗಳಿಗೆ ಇಂಗ್ಲಿಷ್ ಬೇಕಾಗಿದ್ದಿತು. ಅದು ಊರಿನಲ್ಲಿ ಯಾರ ಮನೆಮಾತೂ ಆಗಿರಲಿಲ್ಲ. ಬೇಡಿಕೆ ಇದ್ದು ಸರಕು ಇಲ್ಲದ ಕಡೆ ಸರಕು ತರುವವನು ಬರುವನು. ಹೀಗೆ ಈ ಊರಿನಲ್ಲಿ ಮಾತೇ ಮಾರಾಟದ ವಸ್ತುವಾಯಿತು.

ಆ ಮಾರಾಟವನ್ನು ಕ್ರಮವಾದ ಉದ್ಯಮವನ್ನಾಗಿ ಮಾಡಿದವನೂ ಒಬ್ಬ ಪರದೇಶಿಯೇ ಎಂಬುದು ಸ್ವಾರಸ್ಯವಾದ ಸಂಗತಿ. ಮ್ಯಾಕ್ಸಿಮಿಲಿಯನ್ ಬರ್ಲಿಟ್ಸ್ ಎಂಬ ಜರ್ಮನನು ಅಮೆರಿಕಕ್ಕೆ ವಲಸೆ ಹೋಗಿ, 1878ರಲ್ಲಿ ಪ್ರಾವಿಡೆನ್ಸ್ ಎಂಬ ಊರಿನಲ್ಲಿ ಭಾಷಾಪಾಠಶಾಲೆಯನ್ನು ತೆರೆದನು. ಅವನು ಫ್ರೆಂಚ್ ಪಾಠಕ್ಕೆ ನೇಮಿಸಿಕೊಂಡ ಸಹಾಯಕನಿಗೆ ಇಂಗ್ಲಿಷ್ ಒಂದಕ್ಷರವೂ ಬಾರದಂತೆ. ಬರ್ಲಿಟ್ಸ್ ಕಾಯಿಲೆ ಬಿದ್ದು ಕೆಲವು ವಾರಗಳ ಮೇಲೆ ಬಂದು ನೋಡಿದರೆ, ಶಿಷ್ಯರು ಆ ಸಹಾಯಕನೊಡನೆ ಸಲೀಸಾಗಿ ಫ್ರೆಂಚಿನಲ್ಲಿ ಮಾತಾಡುತ್ತಿದ್ದರಂತೆ. ಇದು ಆ ಸಂಸ್ಥೆಯವರು ಹೇಳಿಕೊಂಡು ಬಂದಿರುವ ಕಥೆ. ಅಲ್ಲಿಂದ ಹುಟ್ಟಿದ ಪದ್ಧತಿಯಲ್ಲಿ ಭಾಷಾಂತರವಿಲ್ಲ, ಶಿಷ್ಯನ ಮನೆಮಾತಿಗೆ ಪ್ರವೇಶವಿಲ್ಲ. ಉಪಾಧ್ಯಾಯನು ಮೇಜನ್ನು ಮುಟ್ಟಿ ಮೇಜಿನ ಹೆಸರು ಹೇಳುವನು, ಬಾಗಿಲನ್ನು ತೆರೆದು ತೆರೆಯುವ ಕ್ರಿಯಾಪದವನ್ನು ಕಲಿಸುವನು. ನಮ್ಮ ತಾಯಂದಿರು ಕೂಸಿಗೆ ಮಾತು ಕಲಿಸುವುದು ಹೀಗೆಯೇ ಅಲ್ಲವೆ? ಈ ಪದ್ಧತಿಯಿಂದ ಶಾಲೆಯ ಒಡೆಯನಿಗೆ ಇನ್ನೊಂದು ಲಾಭವಿದ್ದಿತು. ಉಪಾಧ್ಯಾಯನು ಸ್ಥಳದ ಭಾಷೆಯನ್ನು ಬಲ್ಲವನಾಗಬೇಕಿಲ್ಲ. ರೈಲಿನಿಂದ ಇಳಿದ ದಿನವೇ ಪಾಠ ಹೇಳಬಹುದು. ಆದ್ದರಿಂದ ಬರ್ಲಿಟ್ಸ್ ಶಾಲೆಗಳು ಯೂರೋಪಿನ ಪಟ್ಟಣ ಪಟ್ಟಣಗಳಲ್ಲಿ ತಲೆಯೆತ್ತಿದವು. ಕೈಯಲ್ಲಿ ಕಾಸಿಲ್ಲದ, ಊರು ಬಿಡಲು ಸಿದ್ಧರಾದ ಓದಿದ ಹುಡುಗರು ಅವುಗಳಿಗೆ ದೊರೆತರು.

ಅಂಥ ಹುಡುಗರಲ್ಲೊಬ್ಬನು ಐರ್ಲೆಂಡಿನ ಡಬ್ಲಿನ್ ನಗರದವನಾದ ಜೇಮ್ಸ್ ಜಾಯ್ಸ್. ಮುಂದೆ ‘ಯುಲಿಸಿಸ್’ ಎಂಬ ಕಾದಂಬರಿಯಿಂದ ಲೋಕಪ್ರಸಿದ್ಧನಾದ ಇವನಿಗೆ ಆಗ ಇಪ್ಪತ್ತೆರಡು ವರುಷ. 1904ರ ಅಕ್ಟೋಬರಿನಲ್ಲಿ, ನೋರಾ ಬಾರ್ನಕಲ್ ಎಂಬ ತರುಣಿಯನ್ನು ಕರೆದುಕೊಂಡು, ಸ್ವಿಟ್ಜರ್ಲೆಂಡಿನ ಜೂರಿಕ್ ಪಟ್ಟಣದ ಬರ್ಲಿಟ್ಸ್ ಶಾಲೆಯಲ್ಲಿ ಕೆಲಸವಿದೆಯೆಂಬ ಮಧ್ಯಸ್ಥರ ಮಾತನ್ನು ನಂಬಿ ಹೊರಟನು. ಜೂರಿಕ್ಕಿನಲ್ಲಿ ಕೆಲಸವಿರಲಿಲ್ಲ. ಟ್ರಿಯೆಸ್ಟೆಗೆ ಹೋಗೆಂದರು. ಅಕ್ಟೋಬರ್ 20ರಂದು ಇಲ್ಲಿಗೆ ಬಂದಿಳಿದರೆ ಇಲ್ಲಿಯೂ ಕೆಲಸವಿಲ್ಲ. ನೋರಾಳನ್ನು ರೈಲುನಿಲ್ದಾಣದ ಬಳಿಯ ತೋಟದಲ್ಲಿ ಕುಳ್ಳಿರಿಸಿ ಬಿಡಾರ ಹುಡುಕಲು ಹೋದವನು, ಕುಡಿದು ಜಗಳವಾಡುತ್ತಿದ್ದ ಇಂಗ್ಲಿಷ್ ನಾವಿಕರ ನಡುವೆ ಸಿಕ್ಕಿ ಅವರೊಡನೆ ತಾನೂ ಪೋಲೀಸರ ವಶವಾದನು. ಬ್ರಿಟಿಷ್ ಪ್ರತಿನಿಧಿಯು ಬಿಡಿಸುವವರೆಗೆ ಆ ತರುಣಿ, ಭಾಷೆಯೂ ತಿಳಿಯದ ಊರಿನಲ್ಲಿ, ಗಂಟುಮೂಟೆಗಳೊಡನೆ ಕಾದು ಕುಳಿತಿದ್ದಳು. ಆ ತೋಟ ಇಂದಿಗೂ ನಿಲ್ದಾಣದ ಎದುರಿಗಿದೆ. ಪರದೇಶಕ್ಕೆ ಹೊರಡುವವರ ಉತ್ಸಾಹವನ್ನೇ ಕೇಳಿ ಬಲ್ಲ ನಾವು, ಅವರ ಜೊತೆಗೆ ಹೋಗುವವರ ಈ ಕಾಯುವಿಕೆಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ಕೊನೆಗೆ ಅವನಿಗೆ ಕೆಲಸ ದೊರೆತದ್ದು ಟ್ರಿಯೆಸ್ಟೆಯ ದಕ್ಷಿಣಕ್ಕೆ, ಇಸ್ಟ್ರಿಯಾ ಪರ್ಯಾಯದ್ವೀಪದ ತುದಿಯಲ್ಲಿದ್ದ ಪೋಲಾ ಎಂಬ ನೌಕಾನೆಲೆಯಲ್ಲಿ. ಇಂದು ಅದು ಪೂಲಾ ಎಂಬ ಹೆಸರಿನಿಂದ ಕ್ರೊಯೇಷಿಯಾಕ್ಕೆ ಸೇರಿದೆ. ಅಲ್ಲಿ ಹೊಸದಾಗಿ ತೆರೆದ ಶಾಲೆಯಲ್ಲಿ ಆಸ್ಟ್ರಿಯಾದ ನೌಕಾಧಿಕಾರಿಗಳಿಗೆ ಇಂಗ್ಲಿಷ್ ಪಾಠ. ವಾರಕ್ಕೆ ಹದಿನಾರು ಗಂಟೆ ಕೆಲಸ, ಎರಡು ಪೌಂಡು ಸಂಬಳ. 1905ರ ಮಾರ್ಚಿನಲ್ಲಿ ಅವನನ್ನು ಟ್ರಿಯೆಸ್ಟೆಯ ಶಾಲೆಗೆ ವರ್ಗ ಮಾಡಿದರು.

ಆ ಶಾಲೆ ಇದ್ದುದು ಸಾನ್ ನಿಕೊಲೊ ಬೀದಿಯ 32ನೆಯ ನಂಬರಿನಲ್ಲಿ. ಪಕ್ಕದ 30ನೆಯ ನಂಬರಿನ ಮಾಳಿಗೆಯಲ್ಲಿ ಇವರ ಬಿಡಾರ. ಆ ಮನೆಯಲ್ಲಿಯೇ 1905ರ ಜುಲೈ 27ರಂದು ಗಂಡುಮಗು ಹುಟ್ಟಿತು. ಅಂಗಡಿಗಳ ನಡುವೆ ಸಮುದ್ರದ ಕಡೆಗೆ ಇಳಿದು ಹೋಗುವ ಆ ಬೀದಿಯಲ್ಲಿ ನಡೆದವರು ಈ ಎರಡು ಬಾಗಿಲುಗಳನ್ನೂ ಇಂದು ಗುರುತಿಸಬಹುದು. ಮೊದಲನೆಯ ಮಹಾಯುದ್ಧದ ಮೇಲೆ, ಅದೇ 30ನೆಯ ನಂಬರಿನ ಕೆಳ ಅಂತಸ್ತಿನಲ್ಲಿ ಉಂಬೆರ್ತೊ ಸಾಬಾ ಎಂಬ ಕವಿಯು ಹಳೆಯ ಪುಸ್ತಕಗಳ ಅಂಗಡಿಯನ್ನು ನಡೆಸಿದನು. ಒಂದೇ ಕಟ್ಟಡ ಇಬ್ಬರು ಸಾಹಿತಿಗಳ ಅನ್ನದ ಚಿಂತೆಗೆ ಸಾಕ್ಷಿಯಾಯಿತು.

ಶಾಲೆಯ ಸಂಬಳ ಒಬ್ಬನ ಹೊಟ್ಟೆಗೆ ಸಾಕಾಗುವಷ್ಟು, ಮೂವರಿಗೆ ಸಾಲದು. ಸಾಲದ್ದಕ್ಕೆ ಜಾಯ್ಸನಿಗೆ ಕೈಬಿಗಿ ಇರಲಿಲ್ಲ. ಕುಡಿತದ ಚಟವೂ ಇದ್ದಿತು. ಶಾಲೆಯಲ್ಲಿ ಇನ್ನೊಬ್ಬ ಇಂಗ್ಲಿಷ್ ಉಪಾಧ್ಯಾಯನ ಸ್ಥಾನ ತೆರವಾದಾಗ ಅವನು ತಮ್ಮನಾದ ಸ್ಟಾನಿಸ್ಲಾಸನನ್ನು ಡಬ್ಲಿನ್ನಿನಿಂದ ಕರೆಸಿದನು. 1905ರ ಅಕ್ಟೋಬರಿನಲ್ಲಿ ಬಂದ ಆ ಹುಡುಗನಿಗೆ ಇನ್ನೂ ಇಪ್ಪತ್ತು ವರುಷ. ಅಂದಿನಿಂದ ಅವನ ಸಂಬಳದ ಬಹುಪಾಲು ಅಣ್ಣನ ಮನೆಯ ಬಾಡಿಗೆಗೂ ದಿನಸಿಗೂ ಸಾಲಕ್ಕೂ ಹೋಗತೊಡಗಿತು. ಅಣ್ಣನು ಬರೆದನು, ತಮ್ಮನು ತೆತ್ತನು. ಒಟ್ಟು ಕುಟುಂಬದ ಒಳಹೊರಗನ್ನು ಬಲ್ಲ ನಮ್ಮವರಿಗೆ ಈ ಸಂಬಂಧವನ್ನು ವಿವರಿಸಿ ಹೇಳಬೇಕಾಗಿಲ್ಲ.

1906ರಲ್ಲಿ ಜಾಯ್ಸನು ರೋಮಿನ ಬ್ಯಾಂಕೊಂದರಲ್ಲಿ ಗುಮಾಸ್ತನಾಗಿ ಹೋಗಿ, ಅಲ್ಲಿ ನೆಲೆನಿಲ್ಲದೆ 1907ರ ಮಾರ್ಚಿನಲ್ಲಿ ಟ್ರಿಯೆಸ್ಟೆಗೆ ಮರಳಿದನು. ಆ ವರ್ಷದ ಬೇಸಗೆಯಲ್ಲಿ ಅವನು ವಾತಜ್ವರದಿಂದ ಆಸ್ಪತ್ರೆಯಲ್ಲಿ ಮಲಗಿರುವಾಗಲೇ ಮಗಳು ಹುಟ್ಟಿದಳು. ನೋರಾಳ ಹೆರಿಗೆ ಆಸ್ಪತ್ರೆಯ ಬಡವರ ವಾರ್ಡಿನಲ್ಲಿ ಆಯಿತು. ಅದೇ ವರ್ಷ ಅವನು ಶಾಲೆಯನ್ನು ಬಿಟ್ಟು ಸ್ವಂತವಾಗಿ ಮನೆಪಾಠ ಹೇಳಲು ನಿಶ್ಚಯಿಸಿದನು. ಸಂಬಳದ ಆಳಾಗಿದ್ದವನು ತನ್ನ ಉದ್ಯಮಕ್ಕೆ ತಾನೇ ಒಡೆಯನಾದನು.

ಈ ಹೆಜ್ಜೆ ಲಾಭದ್ದೋ ನಷ್ಟದ್ದೋ ಎಂಬುದನ್ನು ಸ್ವಲ್ಪ ವಿಚಾರಿಸೋಣ. ಶಾಲೆಯಲ್ಲಿ ಶಿಷ್ಯನು ಕೊಡುವ ಹಣದಲ್ಲಿ ಕಟ್ಟಡದ ಬಾಡಿಗೆ, ಜಾಹೀರಾತು, ಒಡೆಯನ ಲಾಭ ಎಲ್ಲ ಕಳೆದು ಉಪಾಧ್ಯಾಯನ ಕೈಗೆ ಅಲ್ಪವೇ ಬರುವುದು. ಮನೆಪಾಠದಲ್ಲಿ ಪೂರ್ತಿ ಹಣ ಅವನದೇ. ಆದರೆ ಶಾಲೆಯ ಸಂಬಳ ವಾರಕ್ಕೊಮ್ಮೆ ತಪ್ಪದೆ ಬರುವುದು. ಶಿಷ್ಯರನ್ನು ಹುಡುಕುವ ಹೊಣೆ ಒಡೆಯನದು. ಮನೆಪಾಠದವನು ಶಿಷ್ಯರನ್ನು ತಾನೇ ಹುಡುಕಬೇಕು. ಒಂದು ಮನೆಯಿಂದ ಇನ್ನೊಂದು ಮನೆಗೆ ನಡೆಯುವ ಹೊತ್ತಿಗೆ ಕೂಲಿಯಿಲ್ಲ. ಶಿಷ್ಯನಿಗೆ ನೆಗಡಿಯಾದರೆ ಉಪಾಧ್ಯಾಯನಿಗೆ ಉಪವಾಸ. ಬೇಸಗೆ ಬಂದಿತೆಂದರೆ ಹಣವಂತರು ಊರು ಬಿಟ್ಟು ಹೋಗುವರು, ಬಾಡಿಗೆಯವನು ಮಾತ್ರ ಹೋಗುವುದಿಲ್ಲ. ಜಾಯ್ಸನು ಇವೆಲ್ಲವನ್ನೂ ಅನುಭವಿಸಿದನು. ಮುಂದೆ ಹೇಳುವ ಪಾಠಗಳಿಗೆ ಶಿಷ್ಯರಿಂದ ಮುಂಗಡ ಪಡೆದು, ಆ ಹಣ ಮುಗಿದ ಮೇಲೆ ಪಾಠವನ್ನು ಹೇಳಿ ತೀರಿಸುವುದು ಅವನಿಗೆ ವಾಡಿಕೆಯಾಗಿದ್ದಿತು. ಮನೆಗಳನ್ನಂತೂ ಮತ್ತೆ ಮತ್ತೆ ಬದಲಾಯಿಸಿದನು. ಇಷ್ಟಿದ್ದರೂ ಅವನಿಗೆ ದೊರೆತ ಒಂದು ವಸ್ತು ಶಾಲೆಯಲ್ಲಿ ದೊರೆಯುತ್ತಿರಲಿಲ್ಲ: ಊರಿನ ದೊಡ್ಡ ಮನೆಗಳ ಬಾಗಿಲು ಅವನಿಗೆ ತೆರೆಯಿತು. ವರ್ತಕರು, ಶ್ರೀಮಂತರು, ವೃತ್ತಪತ್ರಿಕೆಯ ಸಂಪಾದಕರು ಅವನ ಶಿಷ್ಯರಾದರು. ಆ ಪರಿಚಯದಿಂದಲೇ ‘ಇಲ್ ಪಿಕ್ಕೊಲೊ ದೆಲ್ಲ ಸೆರಾ’ ಎಂಬ ಸಂಜೆಯ ಪತ್ರಿಕೆಯಲ್ಲಿ ಇಟಾಲಿಯನ್ನಿನಲ್ಲಿ ಲೇಖನ ಬರೆಯುವ ಅವಕಾಶವೂ, ಐರ್ಲೆಂಡನ್ನು ಕುರಿತು ಸಾರ್ವಜನಿಕ ಉಪನ್ಯಾಸ ಮಾಡುವ ಅವಕಾಶವೂ 1907ರಲ್ಲಿ ಒದಗಿದವು.

ಶಿಷ್ಯರಲ್ಲಿ ಮುಖ್ಯನಾದವನು ಎತ್ತೊರೆ ಷ್ಮಿಟ್ಸ್ ಎಂಬ ವರ್ತಕ. ಗುರುವಿಗಿಂತ ಶಿಷ್ಯನು ಇಪ್ಪತ್ತು ವರ್ಷ ದೊಡ್ಡವನು. ಅವನ ಹೆಂಡತಿಯ ಮನೆಯವರು ಹಡಗಿನ ತಳಕ್ಕೆ ಬಳಿಯುವ ಬಣ್ಣವನ್ನು ತಯಾರಿಸುತ್ತಿದ್ದರು. ಲಂಡನ್ನಿನ ಬಳಿಯೂ ಅವರಿಗೆ ಕಾರ್ಖಾನೆಯಿದ್ದಿತು. ಆ ವ್ಯವಹಾರಕ್ಕಾಗಿ ಅವನಿಗೆ ಇಂಗ್ಲಿಷ್ ಬೇಕಾಗಿದ್ದಿತು. ಪಾಠ ಕ್ರಮೇಣ ಸಂಭಾಷಣೆಯಾಯಿತು. ಒಂದು ದಿನ ಜಾಯ್ಸನು ತಾನು ಬರೆದ ಕಥೆಯೊಂದನ್ನು ಆ ದಂಪತಿಗಳಿಗೆ ಓದಿ ಹೇಳಿದಾಗ, ಷ್ಮಿಟ್ಸನ ಹೆಂಡತಿ ಲಿವಿಯಾ ತೋಟಕ್ಕೆ ಹೋಗಿ ಹೂಗಳನ್ನು ಕೊಯ್ದು ತಂದು ಅವನಿಗೆ ಕೊಟ್ಟಳು. ಷ್ಮಿಟ್ಸನು ಸಂಕೋಚದಿಂದ, ತಾನೂ ಹಿಂದೆ ಇತಾಲೊ ಸ್ವೆವೊ ಎಂಬ ಹೆಸರಿನಿಂದ ಎರಡು ಕಾದಂಬರಿಗಳನ್ನು ಬರೆದಿದ್ದೆನೆಂದೂ, ಯಾರೂ ಓದಲಿಲ್ಲವೆಂದೂ ಹೇಳಿ ಆ ಪುಸ್ತಕಗಳನ್ನು ಗುರುವಿನ ಕೈಯಲ್ಲಿಟ್ಟನು. ಮುಂದಿನ ಪಾಠಕ್ಕೆ ಬಂದ ಜಾಯ್ಸನು, ಲೋಕವು ಅನ್ಯಾಯವಾಗಿ ಉಪೇಕ್ಷಿಸಿದ ಲೇಖಕರು ನೀವು ಎಂದು ಹೇಳಿ, ಅವುಗಳ ಕೆಲವು ಭಾಗಗಳನ್ನು ಬಾಯಿಪಾಠವಾಗಿ ಒಪ್ಪಿಸಿದನು. ಉಪಕಾರ ಒಂದೇ ಕಡೆಯದಾಗಿರಲಿಲ್ಲ. 1909ರಲ್ಲಿ, ಜಾಯ್ಸನು ತನ್ನ ಮೊದಲ ಕಾದಂಬರಿಯನ್ನು ನಡುವೆ ನಿಲ್ಲಿಸಿ ಬೇಸತ್ತು ಕುಳಿತಿದ್ದಾಗ, ಅದರ ಮೊದಲ ಅಧ್ಯಾಯಗಳನ್ನು ಓದಿ ಉತ್ಸಾಹದ ಪತ್ರ ಬರೆದವನು ಈ ಷ್ಮಿಟ್ಸನೇ. ಅವನ ಮೂರನೆಯ ಕಾದಂಬರಿ 1923ರಲ್ಲಿ ಅಚ್ಚಾಗಿ ಮೊದಲು ಮೂಲೆಗೆ ಬಿದ್ದಿತು. ಆಗ ಪ್ಯಾರಿಸಿನಲ್ಲಿದ್ದ ಜಾಯ್ಸನು ಅಲ್ಲಿನ ವಿಮರ್ಶಕರಿಗೆ ಅದನ್ನು ಓದಿಸಿದನು. ಹೀಗೆ ಅರುವತ್ತು ದಾಟಿದ ಮೇಲೆ ಸ್ವೆವೊ ಪ್ರಸಿದ್ಧನಾದನು. ಗಂಟೆಯ ಲೆಕ್ಕದ ಕೂಲಿಪಾಠದಿಂದ ಇಂಥ ಫಲ ಬಂದೀತೆಂದು ಇಬ್ಬರಲ್ಲಿ ಯಾರೂ ಲೆಕ್ಕ ಹಾಕಿರಲಾರರು.

ನಡುವೆ ಬೇರೆ ವ್ಯಾಪಾರಗಳಿಗೂ ಜಾಯ್ಸನು ಕೈಹಾಕಿದನು. ಟ್ರಿಯೆಸ್ಟೆಯ ಕೆಲವು ವರ್ತಕರ ಬಂಡವಾಳದಿಂದ 1909ರ ಡಿಸೆಂಬರ್ 20ರಂದು ಡಬ್ಲಿನ್ನಿನಲ್ಲಿ ‘ವೋಲ್ಟಾ’ ಎಂಬ ಚಲಚ್ಚಿತ್ರಮಂದಿರವನ್ನು ತೆರೆದನು. ಮುಂದಿನ ವರ್ಷವೇ ಅದನ್ನು ನಷ್ಟದಲ್ಲಿ ಮಾರಬೇಕಾಯಿತು. ಐರ್ಲೆಂಡಿನ ಉಣ್ಣೆಬಟ್ಟೆಗೆ ಏಜೆಂಟನಾಗಿಯೂ ನೋಡಿದನು. ಕಡೆಗೂ ಕೈಹಿಡಿದದ್ದು ಪಾಠವೇ. 1913ರಲ್ಲಿ ಅವನಿಗೆ ರೆವೊಲ್ತೆಲ್ಲಾ ವಾಣಿಜ್ಯ ಪಾಠಶಾಲೆಯಲ್ಲಿ ಉಪಾಧ್ಯಾಯ ಪದವಿ ದೊರೆಯಿತು. ಬೆಳಗ್ಗೆ ಅಲ್ಲಿ ಪಾಠ, ಮಧ್ಯಾಹ್ನ ಮನೆಪಾಠ. ಸ್ಥಿರವಾದ ಸಂಬಳವೂ ಸ್ವಂತ ಸಂಪಾದನೆಯೂ ಜೊತೆಗೂಡಿದ ಈ ಏರ್ಪಾಡು ಒಂಬತ್ತು ವರ್ಷದ ಅಲೆದಾಟದ ಮೇಲೆ ಬಂದಿತು. ಅಷ್ಟರಲ್ಲಿ ಯುದ್ಧವೂ ಬಂದಿತು. ಶತ್ರುದೇಶದ ಪ್ರಜೆಯೆಂದು 1915ರ ಜನವರಿಯಲ್ಲಿ ಸ್ಟಾನಿಸ್ಲಾಸನನ್ನು ಹಿಡಿದು ಯುದ್ಧ ಮುಗಿಯುವವರೆಗೆ ಶಿಬಿರದಲ್ಲಿಟ್ಟರು. ಜಾಯ್ಸನ ಶಿಷ್ಯರಲ್ಲಿ ಇಬ್ಬರು ಶ್ರೀಮಂತರು ನಡುವೆ ನಿಂತು, ಅವನು ಸಂಸಾರಸಮೇತ ಜೂರಿಕ್ಕಿಗೆ ಹೋಗುವಂತೆ ಅನುಮತಿ ಕೊಡಿಸಿದರು. ಪಾಠದ ಹಣ ಉಳಿಯಲಿಲ್ಲ. ಪಾಠದ ಸ್ನೇಹ ಆಪತ್ತಿಗೆ ಒದಗಿತು. 1919ರಲ್ಲಿ ಅವನು ಹಿಂದಿರುಗಿದನಾದರೂ 1920ರ ಜುಲೈಯಲ್ಲಿ ಶಾಶ್ವತವಾಗಿ ಬಿಟ್ಟು ಹೋದನು. ಬಿಟ್ಟ ಪದವಿಯನ್ನು ತಮ್ಮನು ವಹಿಸಿಕೊಂಡನು. ಅಣ್ಣನ ಸಂಸಾರಕ್ಕೆ ಆಸರೆಯಾಗಲು ಬಂದ ಸ್ಟಾನಿಸ್ಲಾಸನು ಈ ಊರಿನಲ್ಲಿಯೇ ಇಂಗ್ಲಿಷಿನ ಪ್ರಾಧ್ಯಾಪಕನಾಗಿ, 1955ರಲ್ಲಿ ಇಲ್ಲಿಯೇ ತೀರಿಕೊಂಡನು.

ಜಾಯ್ಸನು ಬಿಟ್ಟು ಹೋದ ತಿಂಗಳಲ್ಲಿಯೇ ಊರಿನ ಇನ್ನೊಂದು ಕಥೆ ಆರಂಭವಾಯಿತು. 1918ರಲ್ಲಿ ಟ್ರಿಯೆಸ್ಟೆ ಇಟಲಿಯ ಕೈಸೇರಿತ್ತು. 1920ರ ಜುಲೈ 13ರಂದು ಫ್ಯಾಸಿಸ್ಟರು ಸ್ಲೊವೀನ್ ಜನರ ಸಭಾಭವನವಾದ ‘ನಾರೊದ್ನಿ ದೋಮ್’ ಎಂಬ ಭವ್ಯ ಕಟ್ಟಡಕ್ಕೆ ಬೆಂಕಿಯಿಟ್ಟರು. 1923ರ ಶಾಸನದಿಂದ ಮೊದಲ್ಗೊಂಡು ಸ್ಲೊವೀನ್ ಶಾಲೆಗಳು ಒಂದೊಂದಾಗಿ ಮುಚ್ಚಿದವು. ಮನೆತನದ ಹೆಸರುಗಳನ್ನು ಕೂಡ ಇಟಾಲಿಯನ್ ರೂಪಕ್ಕೆ ತಿದ್ದಿದರು. ಪರಭಾಷೆಯನ್ನು ಹಣ ಕೊಟ್ಟು ಕಲಿಯುತ್ತಿದ್ದ ಊರಿನಲ್ಲಿ ಮನೆಯ ಭಾಷೆಯನ್ನಾಡುವುದು ಅಪರಾಧವಾಯಿತು. ಆ ಬೆಂಕಿಯನ್ನು ಆರು ವರ್ಷದ ಬಾಲಕನಾಗಿ ಕಂಡ ಬೊರಿಸ್ ಪಾಹೊರ್ ಎಂಬವನು, ಬೆಳೆದು ಸ್ಲೊವೀನ್ ಭಾಷೆಯಲ್ಲಿಯೇ ಬರೆದು ದೊಡ್ಡ ಲೇಖಕನಾಗಿ, 2022ರಲ್ಲಿ ನೂರೆಂಟು ವರ್ಷ ಬಾಳಿ ತೀರಿಕೊಂಡನು. ಎರಡನೆಯ ಯುದ್ಧದ ಮೇಲೆ 1947ರಿಂದ 1954ರವರೆಗೆ ಈ ಊರು ಯಾವ ದೇಶಕ್ಕೂ ಸೇರದೆ ಪ್ರತ್ಯೇಕ ಪ್ರಾಂತವಾಗಿದ್ದು, ಆಮೇಲೆ ಇಟಲಿಗೆ ಮರಳಿತು. ಸುಟ್ಟ ಭವನವನ್ನು ಸ್ಲೊವೀನ್ ಜನರಿಗೆ ಹಿಂದಿರುಗಿಸುವ ಒಪ್ಪಂದಕ್ಕೆ, ಸರಿಯಾಗಿ ನೂರು ವರ್ಷ ಕಳೆದ ದಿನ, 2020ರ ಜುಲೈ 13ರಂದು, ಎರಡು ದೇಶಗಳ ಅಧ್ಯಕ್ಷರ ಸಮ್ಮುಖದಲ್ಲಿ ಸಹಿ ಬಿದ್ದಿತು.

ಇಂದು ಕಾಲುವೆಯ ಮೇಲಿನ ಪೊಂತೆರೊಸ್ಸೊ ಸೇತುವೆಯಲ್ಲಿ ಜಾಯ್ಸನ ಆಳೆತ್ತರದ ಕಂಚಿನ ವಿಗ್ರಹವಿದೆ. ಅವನು ಬಂದು ನೂರು ವರ್ಷವಾದುದಕ್ಕೆ 2004ರಲ್ಲಿ ಅದನ್ನು ನಿಲ್ಲಿಸಿದರು. ಟೊಪ್ಪಿಗೆ ತೊಟ್ಟು, ತಲೆ ತಗ್ಗಿಸಿ, ಎಲ್ಲಿಗೋ ಹೊತ್ತಾಯಿತೆಂಬಂತೆ ನಡೆಯುತ್ತಿರುವ ಭಂಗಿ. ಪೀಠವಿಲ್ಲ, ದಾರಿಹೋಕರ ಜೊತೆಗೆ ದಾರಿಹೋಕ. ಮುಂದಿನ ಪಾಠದ ಮನೆಗೆ ಹೋಗುವ ಉಪಾಧ್ಯಾಯನಿಗೆ ಇದಕ್ಕಿಂತ ಒಪ್ಪುವ ವಿಗ್ರಹ ಬೇರೆಯಿಲ್ಲ.

ಈ ಊರು ನಮಗೆ ಪೂರ್ತಿ ಅಪರಿಚಿತವಲ್ಲ. ಎರಡು ಮಹಾಯುದ್ಧಗಳ ನಡುವಣ ಕಾಲದಲ್ಲಿ ಯೂರೋಪಿಗೆ ಓದಲು ಹೋದ ಅನೇಕ ಭಾರತೀಯ ವಿದ್ಯಾರ್ಥಿಗಳು ಮುಂಬಯಿಯಲ್ಲಿ ಹತ್ತುತ್ತಿದ್ದುದು ಇಲ್ಲಿನ ಲಾಯ್ಡ್ ಕಂಪೆನಿಯ ಹಡಗುಗಳನ್ನೇ. ಕೊಡಗು ಚಿಕ್ಕಮಗಳೂರುಗಳ ಕಾಫಿಯನ್ನು ಕೊಳ್ಳುವ ದೇಶಗಳಲ್ಲಿ ಇಟಲಿ ಮುಖ್ಯವಾದುದು. ಆ ದೇಶದ ದೊಡ್ಡ ಕಾಫಿ ರೇವುಗಳಲ್ಲಿ ಟ್ರಿಯೆಸ್ಟೆ ಒಂದು. 1964ರಲ್ಲಿ ಅಬ್ದುಸ್ ಸಲಾಮರು ಸ್ಥಾಪಿಸಿದ ಭೌತವಿಜ್ಞಾನ ಕೇಂದ್ರವೂ ಇಲ್ಲಿಯೇ ಇದ್ದು, ನಮ್ಮ ವಿಜ್ಞಾನಿಗಳು ಅಲ್ಲಿಗೆ ಹೋಗಿಬರುತ್ತಿರುವರು.

ಭಾಷೆ ಕಲಿಸಿ ಬದುಕುವ ವೃತ್ತಿಯೂ ನಮಗೆ ಹೊಸದಲ್ಲ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ನಿನವರಿಗೆ ನಮ್ಮ ಮುನ್ಷಿಗಳು ಕನ್ನಡ ಕಲಿಸಿದರು. ಈಗ ಅಮೆರಿಕದಲ್ಲಿಯೂ ಇಂಗ್ಲೆಂಡಿನಲ್ಲಿಯೂ ಕೊಲ್ಲಿಯ ದೇಶಗಳಲ್ಲಿಯೂ ನೆಲೆಸಿರುವ ಕನ್ನಡಿಗರು ವಾರದ ರಜೆಯಲ್ಲಿ ಮಕ್ಕಳಿಗೆ ಕನ್ನಡ ಪಾಠಗಳನ್ನು ನಡೆಸುತ್ತಿರುವರು. ಗಂಡನ ಉದ್ಯೋಗದ ನಿಮಿತ್ತ ಪರದೇಶಕ್ಕೆ ಹೋದ ವಿದ್ಯಾವತಿಯರಾದ ಹೆಣ್ಣುಮಕ್ಕಳು ಅನೇಕರು ಇದನ್ನು ವೃತ್ತಿಯಾಗಿ ಕೈಕೊಳ್ಳಲು ಯೋಚಿಸುವುದುಂಟು. ಶಿಷ್ಯನು ದೂರದಲ್ಲಿದ್ದರೂ ತೆರೆಯ ಮೇಲೆ ಕಾಣಿಸಿಕೊಳ್ಳುವ ಈ ಕಾಲದಲ್ಲಿ ಅದು ಸುಲಭವೂ ಆಗಿದೆ. ಅಂಥವರು ಟ್ರಿಯೆಸ್ಟೆಯ ಕಥೆಯಿಂದ ಗ್ರಹಿಸಬೇಕಾದುದು ಕೆಲವಿದೆ. ತಮ್ಮ ರಹದಾರಿಯ ಷರತ್ತು ಸಂಪಾದನೆಗೆ ಅವಕಾಶ ಕೊಡುವುದೇ ಎಂದು ಮೊದಲು ವಿಚಾರಿಸತಕ್ಕದ್ದು. ಸ್ಥಿರವಾದ ಆದಾಯವೊಂದನ್ನು ಕೈಯಲ್ಲಿಟ್ಟುಕೊಂಡು ಮನೆಪಾಠವನ್ನು ಅದಕ್ಕೆ ಸೇರಿಸುತ್ತ ಹೋಗುವುದು ಕ್ಷೇಮ. ಪಾಠದ ಹಣವನ್ನು ತಿಂಗಳ ಮೊದಲಲ್ಲಿ ಪಡೆಯುವುದು ಒಳ್ಳೆಯದು. ಆದರೆ ಹೇಳದ ಪಾಠದ ಹಣವನ್ನು ಸಾಲವೆಂದೇ ತಿಳಿಯಬೇಕು. ರಜೆಯ ತಿಂಗಳುಗಳಿಗೆಂದು ಉಳಿದ ತಿಂಗಳುಗಳಲ್ಲಿ ಸ್ವಲ್ಪ ಎತ್ತಿಡಬೇಕು. ತಾವಿರುವ ಊರಿನ ಭಾಷೆಯನ್ನು ತಾವೂ ಕಲಿಯಬೇಕು. ಜಾಯ್ಸನು ಈ ಒಂದರಲ್ಲಿ ಮಾತ್ರ ಎಂದೂ ಸೋಮಾರಿಯಾಗಲಿಲ್ಲ. ಟ್ರಿಯೆಸ್ಟೆಯನ್ನು ಬಿಟ್ಟು ಹೋದ ಮೇಲೆಯೂ ಅವನ ಮನೆಯಲ್ಲಿ ತಂದೆ ಮಕ್ಕಳು ಇಟಾಲಿಯನ್ನಿನಲ್ಲಿಯೇ ಮಾತಾಡಿಕೊಳ್ಳುತ್ತಿದ್ದರು. ಕಲಿಸಲು ಹೋದವನು ಕಲಿತು ಬಂದನು. ಆ ಊರಿನಿಂದ ಅವನಿಗೆ ಉಳಿದ ಗಳಿಕೆ ಅದೇ.